ಮನೆತನದ ಬಲವಿಲ್ಲದವರಿಗೂ ಒಂದು ಹೆಸರು ಬೇಕು

ಮಾನ್ಯ ಸಂಪಾದಕರೇ,

ನಮ್ಮ ಕೊಡಗು ಜಿಲ್ಲೆಯ ಕಾಲೇಜುಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ‘ಪರ್ಸನಲ್ ಬ್ರ್ಯಾಂಡ್’, ಅಂದರೆ ವೃತ್ತಿಲೋಕದಲ್ಲಿ ತನ್ನದೇ ಆದ ಹೆಸರು, ರೂಪಿಸಿಕೊಳ್ಳುವ ಬಗೆಯನ್ನು ಹೇಳಿಕೊಡುವ ಕಾರ್ಯಾಗಾರಗಳು ಈಚೆಗೆ ನಡೆಯುತ್ತಿವೆ. ಈ ಕುರಿತು ಊರಿನಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ತನ್ನನ್ನು ತಾನೇ ಬಣ್ಣಿಸಿಕೊಳ್ಳುವುದನ್ನು ಕಲಿಸುವ ಪಾಠ ನಮ್ಮ ಸಂಸ್ಕಾರಕ್ಕೆ ಒಗ್ಗುವಂಥದ್ದಲ್ಲ, ಕೆಲಸ ಚೆನ್ನಾಗಿದ್ದರೆ ಹೆಸರು ತಾನಾಗಿಯೇ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಈ ಕಾಲದಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳದವನು ಇದ್ದೂ ಇಲ್ಲದಂತೆ ಎಂದು ತರಬೇತಿ ಕೊಡುವವರು ಹೇಳುತ್ತಾರೆ. ಬೆಂಗಳೂರು, ಮೈಸೂರುಗಳ ಕಂಪನಿಗಳ ನೇಮಕಾತಿ ವಿಭಾಗದಲ್ಲಿ ಬಹುಕಾಲ ದುಡಿದು ಈಗ ಸೋಮವಾರಪೇಟೆ ತಾಲ್ಲೂಕಿನಲ್ಲಿ ನೆಲೆಸಿರುವ, ಕೆಲಸ ಹುಡುಕುವ ಯುವಕ ಯುವತಿಯರ ಬಯೋಡೇಟಾಗಳನ್ನು ಇಂದಿಗೂ ಓದಿ ತಿದ್ದಿಕೊಡುತ್ತಿರುವ ನನಗೆ, ಈ ಎರಡೂ ವಾದಗಳಲ್ಲಿ ಮುಖ್ಯವಾದ ಸಂಗತಿಯೊಂದು ಬಿಟ್ಟುಹೋಗಿದೆ ಎನಿಸುತ್ತದೆ. ಹೆಸರು ತಾನಾಗಿಯೇ ಬರುವುದು ಯಾರಿಗೆ, ಎಷ್ಟು ದುಡಿದರೂ ಬಾರದೇ ಹೋಗುವುದು ಯಾರಿಗೆ ಎಂಬುದನ್ನು ಕೊಡಗಿನವರಾದ ನಾವು ಮೊದಲು ಯೋಚಿಸಬೇಕಾಗಿದೆ.

ನಮ್ಮಲ್ಲಿ ಹೊಸಬರು ಎದುರಾದರೆ ಮೊದಲು ಕೇಳುವುದೇ ‘ಯಾವ ಮನೆಯವರು?’ ಎಂದು. ಕೊಡವರಲ್ಲೂ ಅರೆಭಾಷೆ ಗೌಡರಲ್ಲೂ ಮನೆತನದ ಹೆಸರು ಗೊತ್ತಾದ ಕೂಡಲೇ ಊರು ಯಾವುದು, ತೋಟ ಎಲ್ಲಿದೆ, ಮನೆಯಲ್ಲಿ ಸೇನೆಗೆ ಹೋದವರು ಯಾರು, ಯಾವ ಮನೆಗೆ ಹೆಣ್ಣು ಕೊಟ್ಟಿದ್ದಾರೆ ಎಂಬುದೆಲ್ಲ ಕೇಳುವವರ ಮನಸ್ಸಿಗೆ ಬಂದುಬಿಡುತ್ತದೆ. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಪಾಂಡಂಡ ಕುಟ್ಟಪ್ಪನವರ ಮುಂದಾಳತ್ವದಲ್ಲಿ 1997ರಲ್ಲಿ ಕರಡದಲ್ಲಿ 60 ಕುಟುಂಬ ತಂಡಗಳೊಂದಿಗೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ, 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ ವೇಳೆಗೆ 360 ತಂಡಗಳಷ್ಟು ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಅಲ್ಲಿ ಆಟಗಾರ ಎಷ್ಟೇ ದೊಡ್ಡವನಿರಲಿ, ಮನೆಯ ಹೆಸರಿನಲ್ಲಿ ಮೈದಾನಕ್ಕೆ ಇಳಿಯುತ್ತಾನೆ. ಅದೇ 1997ರ ಆಗಸ್ಟ್‌ನಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಎಂಬ ನಿಯತಕಾಲಿಕದಲ್ಲಿ ಆಡಳಿತ ನಿರ್ವಹಣೆಯ ಬರಹಗಾರ ಟಾಮ್ ಪೀಟರ್ಸ್, ಪ್ರತಿಯೊಬ್ಬ ಉದ್ಯೋಗಿಯೂ ತನ್ನನ್ನು ತಾನೇ ಒಂದು ಕಂಪನಿ ಎಂದು ಬಗೆದು ಅದರ ಮುಖ್ಯಸ್ಥನಂತೆ ನಡೆದುಕೊಳ್ಳಬೇಕೆಂದು ಬರೆದರು. ಇಂದು ಪರ್ಸನಲ್ ಬ್ರ್ಯಾಂಡಿಂಗ್ ಹೆಸರಿನಲ್ಲಿ ಕಲಿಸುವುದರಲ್ಲಿ ಹೆಚ್ಚಿನ ಪಾಲಿಗೆ ಆ ಲೇಖನವೇ ಮೂಲ. ಒಬ್ಬರು ಹೆಸರನ್ನು ಮನೆಯಲ್ಲಿ ಕಂಡರು, ಇನ್ನೊಬ್ಬರು ಒಂಟಿ ವ್ಯಕ್ತಿಯಲ್ಲಿ ಕಂಡರು.

ಮನೆತನದ ಹೆಸರಿನ ನೆರವು ಸಿಗದವರೂ ಇದೇ ಜಿಲ್ಲೆಯಲ್ಲಿ ಸಾವಿರಾರು ಮಂದಿ ಇದ್ದಾರೆ. ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆಯಲ್ಲಿ ಹುಟ್ಟಿ ಬೆಳೆದು ಮನೆತನದಲ್ಲೇ ಮೊದಲ ಪದವೀಧರೆಯಾದ ಹುಡುಗಿಗೆ, ಎರವ ಬುಡಕಟ್ಟಿನವರ ಹಾಡಿಯಿಂದ ಬಂದು ನರ್ಸಿಂಗ್ ಮುಗಿಸಿದ ಹುಡುಗನಿಗೆ, ಕುಶಾಲನಗರದ ಬಾಡಿಗೆ ಮನೆಯಲ್ಲಿದ್ದು ಡಿಪ್ಲೊಮಾ ಮಾಡಿದವನಿಗೆ ‘ಯಾವ ಮನೆಯವರು?’ ಎಂಬ ಪ್ರಶ್ನೆಯಿಂದ ಯಾವ ಬಾಗಿಲೂ ತೆರೆಯುವುದಿಲ್ಲ. ಕೆಲವೊಮ್ಮೆ ತೆರೆದ ಬಾಗಿಲೂ ಮುಚ್ಚಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕರ್ನಲ್ ಆಗಿ ನಿವೃತ್ತರಾದ ಮಾವ ಅವರಿಗಿಲ್ಲ, ಕಾಫಿ ರಫ್ತು ಕಂಪನಿಯಲ್ಲಿ ದೊಡ್ಡಪ್ಪನ ಮಗನಿಲ್ಲ. ಕೆಲಸ ಚೆನ್ನಾಗಿದ್ದರೆ ಹೆಸರು ತಾನಾಗಿಯೇ ಬರುತ್ತದೆ ಎಂದು ಇವರಿಗೆ ಹೇಳುವುದು ಅನ್ಯಾಯ. ಆ ಕೆಲಸವನ್ನು ಕಂಡು ನಾಲ್ಕು ಕಡೆ ಹೇಳುವವರು ಇದ್ದಾಗ ಮಾತ್ರ ಹೆಸರು ತಾನಾಗಿ ಬರುತ್ತದೆ. ಹೇಳುವವರು ಇಲ್ಲದಿದ್ದಾಗ ತಾನೇ ಬರೆದಿಡಬೇಕಾಗುತ್ತದೆ, ಮತ್ತು ಅದನ್ನು ಆತ್ಮಪ್ರಶಂಸೆ ಎಂದು ಕರೆಯುವ ಅಧಿಕಾರ ಮನೆತನದ ನೆರಳಿನಲ್ಲಿ ಬೆಳೆದ ನಮ್ಮಂಥವರಿಗೆ ಇಲ್ಲ.

ಇದು ಬರಿಯ ಭಾವನೆಯ ಮಾತಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಪರಿಚಯದ ಮೂಲಕ ಹೊಸ ಉದ್ಯೋಗ ಪಡೆದ ವೃತ್ತಿಪರರನ್ನು ವಿಚಾರಿಸಿ, ಕೆಲಸದ ಸುದ್ದಿ ಕೊಟ್ಟವರು ನಿಮಗೆ ಎಷ್ಟು ಹತ್ತಿರದವರು ಎಂದು ಕೇಳಿದರು. ಆಗಾಗ ಭೇಟಿಯಾಗುತ್ತಿದ್ದವರಿಂದ ಸುದ್ದಿ ತಿಳಿದವರು ಶೇ 17ಕ್ಕಿಂತ ಕಡಿಮೆ. ಉಳಿದವರಿಗೆಲ್ಲ ಅದು ತಿಳಿದದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೊಮ್ಮೆ ಕಾಣುವ ದೂರದ ಪರಿಚಯದವರಿಂದ. 1973ರಲ್ಲಿ ಅವರು ಮುಂದಿಟ್ಟ ಈ ವಿಚಾರವನ್ನು ಉದ್ಯೋಗ ಸಂಪರ್ಕದ ಜಾಲತಾಣವಾದ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಪರೀಕ್ಷಿಸಿದ ಅಧ್ಯಯನವೊಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ತೀರ ಹತ್ತಿರದವರಿಗಿಂತ ಅಷ್ಟಿಷ್ಟು ಪರಿಚಯವಿರುವವರಿಂದಲೇ ಉದ್ಯೋಗ ಬದಲಾವಣೆಗೆ ಹೆಚ್ಚು ಸಹಾಯವಾಗುತ್ತದೆ ಎಂಬುದು ಅಲ್ಲಿಯೂ ಕಂಡುಬಂತು. ಕಾರಣ ಸರಳವಾಗಿದೆ. ನಮ್ಮ ಹತ್ತಿರದವರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ. ಮದುವೆಯ ಮಂಟಪದಲ್ಲಿ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ಊಟದಲ್ಲಿ, ಹಾಕಿ ಮೈದಾನದ ಬದಿಯಲ್ಲಿ ಇಂಥ ದೂರದ ಪರಿಚಯಗಳು ಒಂದು ವರ್ಗದ ಯುವಜನರಿಗೆ ತಾವಾಗಿಯೇ ಒದಗುತ್ತವೆ. ಲೈನ್‌ಮನೆಯ ಹುಡುಗಿ ಅವನ್ನು ಗಳಿಸಿಕೊಳ್ಳಬೇಕು, ಮತ್ತು ಆಕೆಗೆ ಇರುವ ದಾರಿ ತನ್ನ ಕೆಲಸವನ್ನು ಅಪರಿಚಿತರು ಓದಿ ನಂಬುವಂತೆ ಬರೆಯುವುದೇ ಆಗಿದೆ.

ಇಷ್ಟು ಹೇಳಿದ ಮೇಲೆ, ಕಾರ್ಯಾಗಾರಗಳಲ್ಲಿ ಕಲಿಸುತ್ತಿರುವ ಪಾಠ ಈ ದಾರಿಯನ್ನು ತೋರಿಸುತ್ತಿಲ್ಲ ಎಂದೂ ಹೇಳಬೇಕಾಗಿದೆ. ಅಲ್ಲಿಂದ ಬಂದವರು ಅಂತರ್ಜಾಲದಲ್ಲಿ ಮಾಡಿಕೊಂಡ ವೃತ್ತಿ ಪರಿಚಯದ ಪುಟಗಳನ್ನು ಓದಿದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಕಳೆದ ವರ್ಷ ನನ್ನ ಬಳಿಗೆ ಬಂದ ಕೃಷಿ ಪದವೀಧರೆಯೊಬ್ಬಳ ಪುಟವನ್ನೇ ತೆಗೆದುಕೊಳ್ಳುತ್ತೇನೆ. ಆಕೆಯ ಒಪ್ಪಿಗೆ ಪಡೆದು, ಹೆಸರು ಹೇಳದೆ ಬರೆಯುತ್ತಿದ್ದೇನೆ. ಮೇಲ್ಭಾಗದಲ್ಲಿ ಮಾಂದಲ್‌ಪಟ್ಟಿಯ ಮಂಜಿನ ಚಿತ್ರವಿತ್ತು. ಅದರ ಕೆಳಗೆ, ತಾನು ಪ್ರಕೃತಿಯನ್ನು ಪ್ರೀತಿಸುವವಳು, ಸದಾ ಕಲಿಯುವ ಹಂಬಲದವಳು, ಕೃಷಿಯಲ್ಲಿ ಬದಲಾವಣೆ ತರಬಯಸುವವಳು, ತಂಡದೊಂದಿಗೆ ಹೊಂದಿಕೊಂಡು ದುಡಿಯುವವಳು ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಳು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದೇ ಸಾಲುಗಳನ್ನು ಬೇರೆ ಯಾರ ಹೆಸರಿನ ಕೆಳಗೆ ಅಂಟಿಸಿದರೂ ಸರಿಹೊಂದುತ್ತಿದ್ದವು.

ಪದವಿಯ ನಂತರ ಏನು ಮಾಡಿದೆ ಎಂದು ಕೇಳಿದಾಗ ಆಕೆ ಹೇಳಿದ್ದು ಬೇರೆಯೇ ಕಥೆ. ತಂದೆತಾಯಿ ದುಡಿಯುತ್ತಿದ್ದ ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕದ ಹಾವಳಿಯಿತ್ತು. ಈ ದುಂಬಿ ಹಾರಿ ಮೊಟ್ಟೆಯಿಡುವ ಕಾಲ ವರ್ಷಕ್ಕೆರಡು ಬಾರಿ, ಬೇಸಿಗೆಯ ಮಳೆಯ ಹೊತ್ತಿಗೊಮ್ಮೆ ಮತ್ತು ಮುಂಗಾರು ಮುಗಿದ ಮೇಲೊಮ್ಮೆ ಬರುತ್ತದೆ. ಅದಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ, ಗಿಡಗಿಡವನ್ನೂ ನೋಡಿ, ಕಾಂಡದ ಮೇಲೆ ಉಬ್ಬುಗೆರೆ ಎದ್ದು ಎಲೆ ಹಳದಿಯಾದವುಗಳನ್ನು ಗುರುತಿಸಿ, ಬುಡಸಮೇತ ಕಿತ್ತು ಸುಡಬೇಕು. ಈ ಹುಡುಗಿ ಎರಡು ಹಂಗಾಮಿನಲ್ಲಿ ಕೆಲಸಗಾರರ ಜೊತೆ ನಡೆದು, ಯಾವ ಬ್ಲಾಕ್‌ನಲ್ಲಿ ಎಷ್ಟು ಗಿಡ ತೆಗೆದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ನೆರಳಿನ ಕೊಂಬೆಗಳನ್ನು ಹಿಂದಿನ ವರ್ಷ ಅತಿಯಾಗಿ ಕಡಿದು ಬಿಸಿಲು ಬೀಳುತ್ತಿದ್ದ ಬ್ಲಾಕಿನಲ್ಲೇ ಹಾನಿ ಹೆಚ್ಚೆಂದು ಆ ಲೆಕ್ಕದಿಂದ ಕಂಡುಕೊಂಡಿದ್ದಳು. ಉಬ್ಬುಗೆರೆಯನ್ನು ಬೆರಳಿನಿಂದ ಸವರಿ ಗುರುತಿಸುವುದು ಹೇಗೆಂದು ಹೊಸ ಕೆಲಸಗಾರರಿಗೆ ತಮಿಳಿನಲ್ಲೂ ಕನ್ನಡದಲ್ಲೂ ಹೇಳಿಕೊಟ್ಟಿದ್ದಳು. ಇದರಲ್ಲಿ ಒಂದಕ್ಷರವೂ ಆಕೆಯ ಪುಟದಲ್ಲಿರಲಿಲ್ಲ. ಏಕೆಂದು ಕೇಳಿದರೆ, ಅದು ಅಪ್ಪ ಅಮ್ಮ ದಿನಾ ಮಾಡುವ ಕೆಲಸವಲ್ಲವೇ, ಅದನ್ನೇನು ಬರೆಯುವುದು ಎಂದಳು. ಈ ಉತ್ತರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮೈಬಗ್ಗಿಸಿ ಮಾಡಿದ ಕೆಲಸ ಹೇಳಿಕೊಳ್ಳಲು ಯೋಗ್ಯವಲ್ಲ, ಹೋಟೆಲಿನ ಸಭಾಂಗಣದಲ್ಲಿ ಅರ್ಧ ದಿನ ಕೂತು ಪಡೆದ ಪ್ರಮಾಣಪತ್ರ ಹೇಳಿಕೊಳ್ಳಲು ಯೋಗ್ಯ ಎಂಬ ಭಾವನೆಯನ್ನು ಈ ಮಕ್ಕಳಲ್ಲಿ ಬಿತ್ತಿದವರು ನಾವೇ.

ಮಂಜಿನ ಚಿತ್ರದ ಜಾಗದಲ್ಲಿ ಆ ನೋಟ್‌ಬುಕ್ಕಿನ ಒಂದು ಪುಟದ ಚಿತ್ರ ಬಂತು. ಯಾವ ತಾಲ್ಲೂಕು, ಯಾವ ತಳಿ, ಯಾವ ಹಂಗಾಮು, ತಾನು ಮಾಡಿದ್ದೇನು, ತೋಟದ ಮೇಸ್ತ್ರಿ ಮಾಡಿದ್ದೇನು, ಏನು ತಿಳಿದುಬಂತು, ಯಾವುದು ಇನ್ನೂ ಖಚಿತವಾಗಿಲ್ಲ ಎಂದು ಆಕೆ ಎಂಟು ಹತ್ತು ಸಾಲುಗಳಲ್ಲಿ ಬರೆದಳು. ಅದನ್ನು ಓದಿ ಬೇರೆ ಜಿಲ್ಲೆಯ ತೋಟವೊಂದರ ವ್ಯವಸ್ಥಾಪಕರು ಸಂದರ್ಶನಕ್ಕೆ ಕರೆದಾಗ ಮೊದಲು ಕೇಳಿದ್ದು ನೆರಳು ಕಡಿದ ಆ ಬ್ಲಾಕಿನ ವಿಚಾರವನ್ನೇ. ಕಾಫಿ ಮಾರುವ ನಮಗೆ ಇದು ಗೊತ್ತಿರದ ಸಂಗತಿಯೇನಲ್ಲ. ಚೆರಿ ಕಾಫಿಯ ಚೀಲದ ಮೇಲೆ ಏನು ಬರೆದಿದೆ ಎಂದು ವ್ಯಾಪಾರಿ ನೋಡುವುದಿಲ್ಲ. ಒಂದಿಷ್ಟು ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ತೇವಾಂಶ ನೋಡಿ, 50 ಕೆ.ಜಿ. ಚೆರಿಯಿಂದ ಸಿಗುವ ಕಾಳಿನ ತೂಕ, ಅಂದರೆ ಔಟ್‌ಟರ್ನ್ 26 ಬಂತೋ 28 ಬಂತೋ ಎಂದು ಲೆಕ್ಕ ಹಾಕಿ ಬೆಲೆ ಕಟ್ಟುತ್ತಾನೆ. ನೇಮಕಾತಿ ಮಾಡುವವನೂ ಅಂಥ ಒಂದು ಮಾದರಿಗಾಗಿಯೇ ಹುಡುಕುತ್ತಿರುತ್ತಾನೆ. ನೂರಾರು ಅರ್ಜಿಗಳ ನಡುವೆ ಒಂದೇ ಒಂದು ನಿಜವಾದ ವಿವರ ಕಂಡರೂ ಅವನು ಅಲ್ಲಿ ನಿಲ್ಲುತ್ತಾನೆ ಎಂಬುದನ್ನು ಆ ಕೆಲಸದಲ್ಲೇ ತಲೆ ನರೆತ ನಾನು ಖಚಿತವಾಗಿ ಹೇಳಬಲ್ಲೆ.

ಮಂಜಿನ ಚಿತ್ರದ ಬಗ್ಗೆ ಇನ್ನೊಂದು ಮಾತು. ಕೊಡಗಿನ ಯುವಜನರ ಪುಟಗಳಲ್ಲಿ ರಾಜಾಸೀಟಿನ ಸೂರ್ಯಾಸ್ತ, ಅಬ್ಬಿ ಜಲಪಾತ, ಅರಳಿದ ಕಾಫಿ ಹೂವುಗಳೇ ತುಂಬಿರುತ್ತವೆ. ಕೂರ್ಗ್ ಎಂಬ ಹೆಸರಿಗೆ ಪೇಟೆಯಲ್ಲಿ ಬೆಲೆಯಿದೆ. ಇಲ್ಲಿನ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೆ ಅದು ನೆಲದ ಹೆಸರು, ಹಲವು ತಲೆಮಾರುಗಳ ದುಡಿಮೆಯ ಹೆಸರು. ಅದನ್ನು ಹೊದ್ದುಕೊಂಡ ಇಪ್ಪತ್ತಮೂರರ ತರುಣ ನೋಡುವವರಿಗೆ ಪ್ರವಾಸೋದ್ಯಮದ ಜಾಹೀರಾತಿನಂತೆ ಕಾಣುತ್ತಾನೆಯೇ ಹೊರತು, ಆತ ಸಾಫ್ಟ್‌ವೇರ್ ಪರೀಕ್ಷಕನೋ ಪಶುವೈದ್ಯನೋ ಎಂಬುದು ಯಾರಿಗೂ ನೆನಪಿನಲ್ಲಿ ಉಳಿಯುವುದಿಲ್ಲ. ಊರಿನ ಮೇಲಿನ ಪ್ರೀತಿಯನ್ನು ಯಾರೂ ಮುಚ್ಚಿಡಬೇಕಾಗಿಲ್ಲ. ಊರಿನಲ್ಲಿ ತಾನು ಮಾಡಿದ ಕೆಲಸ ಮೊದಲು ಕಾಣುವಂತಿರಲಿ.

2018ರ ಆಗಸ್ಟ್‌ನ ಜಲಪ್ರಳಯ ಮತ್ತು ಭೂಕುಸಿತದ ದಿನಗಳ ಬಗ್ಗೆಯೂ ಇದೇ ಸಂದರ್ಭದಲ್ಲಿ ಹೇಳುವುದು ನನ್ನ ಕರ್ತವ್ಯ. ಆಗ ಜಿಲ್ಲೆಯ ಸಾವಿರಾರು ಯುವಕರು ಪರಿಹಾರ ಕೇಂದ್ರಗಳಲ್ಲಿ ಹಗಲಿರುಳು ದುಡಿದರು. ಅದನ್ನು ಬಯೋಡೇಟಾದಲ್ಲಿ ಬರೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಬರೆಯಲೇಬೇಕು. ಆದರೆ ‘ಪ್ರವಾಹ ಸ್ವಯಂಸೇವಕ’ ಎಂಬ ಎರಡು ಪದಗಳಿಗಿಂತ, ಯಾವ ಕೇಂದ್ರದಲ್ಲಿ ಔಷಧಿಯ ದಾಸ್ತಾನು ನೋಡಿಕೊಂಡೆ, ಎಷ್ಟು ಕುಟುಂಬಗಳ ಪಟ್ಟಿಯನ್ನು ಹೇಗೆ ಸಿದ್ಧಪಡಿಸಿದೆ ಎಂದು ಬರೆದರೆ ಮಾಡಿದ ಸೇವೆಗೂ ಓದುವವರಿಗೂ ನ್ಯಾಯ ಸಿಗುತ್ತದೆ. ಮನೆ ಕಳೆದುಕೊಂಡು ಕೂತ ವೃದ್ಧೆಗೆ ಕಂಬಳಿ ಹೊದಿಸುತ್ತಿರುವ ತನ್ನ ಚಿತ್ರವನ್ನು ವೃತ್ತಿಪರ ಪುಟದಲ್ಲಿ ಹಾಕಿಕೊಳ್ಳುವುದನ್ನು ಮಾತ್ರ ನಾನು ಒಪ್ಪಲಾರೆ. ಆ ದಿನ ಆ ತಾಯಿಯನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ, ಕೇಳಿದ್ದರೂ ಉತ್ತರಿಸುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಇಂಥ ಚಿತ್ರಗಳನ್ನು ಇಂದೇ ತೆಗೆದುಹಾಕಿ ಎಂದು ಯುವಮಿತ್ರರನ್ನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕೆಲವು ವೃತ್ತಿಗಳಲ್ಲಿ ಕಾನೂನೇ ಮಿತಿ ಹಾಕಿದೆ ಎಂಬುದು ಎಷ್ಟೋ ಮಂದಿಗೆ, ಕಲಿಸುವವರಿಗೂ, ತಿಳಿದಂತಿಲ್ಲ. ವಕೀಲರು ಜಾಹೀರಾತಿನ ಮೂಲಕ ಕಕ್ಷಿದಾರರನ್ನು ಆಕರ್ಷಿಸುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ನಿಷೇಧಿಸುತ್ತದೆ. 2008ರ ತಿದ್ದುಪಡಿಯ ಪ್ರಕಾರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ವೃತ್ತಿಯ ಕ್ಷೇತ್ರ ಇಂಥ ವಿವರಗಳಷ್ಟೇ ಇರುವ ಜಾಲತಾಣಕ್ಕೆ ಅವಕಾಶವಿದೆ. ವೈದ್ಯರಿಗೆ 2002ರ ವೃತ್ತಿ ನಡತೆ ನಿಯಮಗಳಿವೆ. ವೃತ್ತಿ ಆರಂಭಿಸಿದಾಗ, ವಿಳಾಸ ಬದಲಾದಾಗ, ರಜೆಯ ಬಳಿಕ ಮರಳಿದಾಗ ಪತ್ರಿಕೆಯಲ್ಲಿ ಔಪಚಾರಿಕ ಪ್ರಕಟಣೆ ಕೊಡಬಹುದು. ರೋಗಿಗಳನ್ನು ಸೆಳೆಯಲು ಪ್ರಚಾರ ಮಾಡುವಂತಿಲ್ಲ. ಲೆಕ್ಕಪರಿಶೋಧಕರ ಪ್ರಚಾರಕ್ಕೂ 1949ರ ಕಾಯ್ದೆಯಲ್ಲಿ ಮಿತಿಗಳಿವೆ. ಹಾಗೆಂದು ಮಡಿಕೇರಿಯ ಯುವ ವಕೀಲೆ ಮೌನವಾಗಿರಬೇಕೆಂದಿಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಕಂದಾಯ ದಾಖಲೆಗಳ ತೊಡಕನ್ನು ಸಾಮಾನ್ಯರಿಗೆ ಅರ್ಥವಾಗುವಂತೆ ವಿವರಿಸಿ ಬರೆಯುವುದು ಜಾಹೀರಾತಾಗುವುದಿಲ್ಲ, ತನ್ನ ಬಳಿಗೆ ಬನ್ನಿ ಎಂಬ ಕರೆ ಅದರಲ್ಲಿ ಸೇರದಿದ್ದರೆ ಸಾಕು. ಹೋಂಸ್ಟೇ, ಕಾಫಿ ಪುಡಿ, ಮಸಾಲೆಗಳ ಬಗ್ಗೆ ಹಣ ಅಥವಾ ಉಚಿತ ವಾಸ್ತವ್ಯ ಪಡೆದು ರೀಲ್ಸ್ ಮಾಡುವ ಯುವಕರು ಆ ಸಂಬಂಧವನ್ನು ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಉತ್ಪ್ರೇಕ್ಷೆ ಮಾಡುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಂಪನಿಗಳು ಭವಿಷ್ಯನಿಧಿಯ ಯುಎಎನ್ ಸಂಖ್ಯೆಯ ಮೂಲಕ ಹಿಂದೆ ಎಲ್ಲಿ, ಎಂದಿನಿಂದ ಎಂದಿನವರೆಗೆ ದುಡಿದಿದ್ದಾರೆ ಎಂದು ತಾಳೆ ನೋಡುತ್ತವೆ. ಅಂಕಪಟ್ಟಿಗಳನ್ನು ಡಿಜಿಲಾಕರ್‌ನಲ್ಲಿ ಪರಿಶೀಲಿಸುತ್ತವೆ. ಮೂರು ತಿಂಗಳ ತರಬೇತಿಯನ್ನು ಒಂದು ವರ್ಷದ ಅನುಭವವೆಂದು ಬರೆದವರು ಕೊನೆಯ ಹಂತದಲ್ಲಿ ಕೆಲಸ ಕಳೆದುಕೊಂಡದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ದಿನಕ್ಕೊಂದು ಪೋಸ್ಟ್ ಹಾಕಬೇಕು, ಒಂದು ದಿನವೂ ತಪ್ಪಬಾರದು ಎಂಬ ಉಪದೇಶವನ್ನು ಕೊಡಗಿನಲ್ಲಿ ಕುಳಿತು ಕೇಳುವಾಗ ಬೇಸರವಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಭಾಗಮಂಡಲ, ನಾಪೋಕ್ಲು ಕಡೆ ಮರ ಬಿದ್ದು ವಿದ್ಯುತ್ ಹೋದರೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಹೇಳಲಾಗದು. ಟವರಿನ ಬ್ಯಾಟರಿ ಮುಗಿದರೆ ಫೋನ್ ಕೂಡ ಇಲ್ಲ. ಇಂಥ ಕಡೆ ಇರುವವರು ದಿನನಿತ್ಯದ ಓಟದಲ್ಲಿ ನಗರದವರೊಂದಿಗೆ ಸ್ಪರ್ಧಿಸಿ ಗೆಲ್ಲಲು ಸಾಧ್ಯವಿಲ್ಲ, ಗೆಲ್ಲುವ ಅಗತ್ಯವೂ ಇಲ್ಲ. ವರ್ಷಕ್ಕೆ ಮೂರು ನಾಲ್ಕು ಗಟ್ಟಿ ಬರಹಗಳು, ಪ್ರತಿಯೊಂದರಲ್ಲೂ ತಾನು ಮುಗಿಸಿದ ಒಂದು ಕೆಲಸದ ಪೂರ್ಣ ವಿವರ, ಹುಡುಕಿದವರಿಗೆ ಸಿಗುವಂತೆ ಒಂದು ಸ್ಥಿರವಾದ ಪುಟ, ಇಷ್ಟಿದ್ದರೆ ಮಳೆಗಾಲದ ಮೌನದಿಂದ ನಷ್ಟವೇನೂ ಇಲ್ಲ. ಬರೆದುದರ ಪ್ರತಿ ತನ್ನಲ್ಲೇ ಇರಬೇಕೆಂಬುದನ್ನೂ ಮರೆಯಬಾರದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಒಂದರಲ್ಲೇ ಹೆಸರು ಗಳಿಸಿದ್ದವರ ಶ್ರಮವೆಲ್ಲ ಒಂದೇ ರಾತ್ರಿಯಲ್ಲಿ ಕೈತಪ್ಪಿಹೋಯಿತು. ನಿಷೇಧದ ಸರಿತಪ್ಪು ಇಲ್ಲಿನ ವಿಷಯವಲ್ಲ. ಬೇರೆಯವರ ಜಾಗದಲ್ಲಿ ಮಾತ್ರ ತನ್ನ ಕೆಲಸದ ದಾಖಲೆ ಇಟ್ಟವರಿಗೆ ಅದರ ಮೇಲೆ ಯಾವ ಹಿಡಿತವೂ ಇರುವುದಿಲ್ಲ ಎಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಹೆಣ್ಣುಮಕ್ಕಳಿಗೆ, ಅವರ ಪೋಷಕರಿಗೆ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಮನೆತನದ ಹೆಸರು ಮತ್ತು ಗ್ರಾಮದ ಹೆಸರು ಎರಡೂ ಗೊತ್ತಾದರೆ ಈ ಜಿಲ್ಲೆಯಲ್ಲಿ ಯಾರ ಮನೆಯ ಅಂಗಳಕ್ಕಾದರೂ ವಿಚಾರಿಸಿಕೊಂಡು ಬಂದುಬಿಡಬಹುದು. ದೊಡ್ಡ ನಗರದಲ್ಲಿ ಹೆಸರು ಬರೆಯುವುದಕ್ಕೂ ಒಂಟಿ ಮನೆಗಳ ಊರಿನಲ್ಲಿ ಬರೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ವೃತ್ತಿಗೆಂದೇ ಪ್ರತ್ಯೇಕ ಇಮೇಲ್ ವಿಳಾಸ ಇಟ್ಟುಕೊಂಡು, ಮೊಬೈಲ್ ಸಂಖ್ಯೆ, ಮನೆಯ ಗೇಟು, ತೋಟಕ್ಕೆ ಹೋಗುವ ದಾರಿ, ತಾನು ಒಬ್ಬಳೇ ಓಡಾಡುವ ಹೊತ್ತು ಇವು ಯಾವುದೂ ಚಿತ್ರದಲ್ಲಾಗಲಿ ಬರಹದಲ್ಲಾಗಲಿ ಬಾರದಂತೆ ನೋಡಿಕೊಂಡರೆ ಕೆಲಸದ ಹೆಸರಿಗೆ ಕುಂದೇನೂ ಬರುವುದಿಲ್ಲ. ಭಯದಿಂದ ಹೆಣ್ಣುಮಕ್ಕಳ ಪುಟವನ್ನೇ ಮುಚ್ಚಿಸುವ ತಂದೆಯಂದಿರನ್ನೂ ನಾನು ಕಂಡಿದ್ದೇನೆ. ಅವರ ಆತಂಕ ಅರ್ಥವಾಗುತ್ತದೆ. ಆದರೆ ಅದರ ಬೆಲೆಯನ್ನು ಮಗಳು ಬದುಕಿಡೀ ತೆರುತ್ತಾಳೆ.

ಭಾಷೆಯ ಪ್ರಶ್ನೆಯನ್ನು ಕಾರ್ಯಾಗಾರಗಳು ಎತ್ತುವುದೇ ಇಲ್ಲ, ಎಲ್ಲವೂ ಇಂಗ್ಲಿಷಿನಲ್ಲೇ ಇರಬೇಕೆಂದು ನಂಬಿ ನಡೆಯುತ್ತವೆ. ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕುವವರಿಗೆ ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿ ತೋಟಗಳ ನೆರಳುಮರಗಳ ಬಗ್ಗೆ ಸಲಹೆ ಕೊಡಬಯಸುವವನಿಗೆ, ಗೋಣಿಕೊಪ್ಪದಲ್ಲಿ ಮಣ್ಣು ಪರೀಕ್ಷೆಯ ಕೇಂದ್ರ ತೆರೆಯಬಯಸುವವಳಿಗೆ, ಸುಂಟಿಕೊಪ್ಪದಲ್ಲಿ ಸೌರ ಪಂಪು ಅಳವಡಿಸುವ ಎಂಜಿನಿಯರನಿಗೆ ಕೆಲಸ ಕೊಡುವವರು ಇಲ್ಲಿನ ಬೆಳೆಗಾರರು, ಸಹಕಾರ ಸಂಘಗಳು, ಗ್ರಾಮ ಪಂಚಾಯಿತಿಗಳು. ಅವರು ಓದುವುದು ಕನ್ನಡವನ್ನು. ಸುಣ್ಣ ಹಾಕುವ ಮೊದಲು ಮಣ್ಣಿನ ಆಮ್ಲೀಯತೆ ಏಕೆ ನೋಡಬೇಕು, ಸಿಲ್ವರ್ ಓಕ್ ಒಂದನ್ನೇ ನೆಟ್ಟುಕೊಂಡು ಹಾಲುವಾಣ, ಅತ್ತಿ, ನಂದಿಯಂಥ ಮರಗಳನ್ನು ತೆಗೆದರೆ ತೋಟಕ್ಕೆ ಏನಾಗುತ್ತದೆ ಎಂದು ತಿಳಿಯಾದ ಕನ್ನಡದಲ್ಲಿ ಒಂದು ಲೇಖನ ಬರೆದವನನ್ನು ಬೆಳೆಗಾರರು ಹುಡುಕಿಕೊಂಡು ಬರುತ್ತಾರೆ. ಬರೆಯಲು ಕೂತಾಗ ತನಗೆ ಎಷ್ಟು ಗೊತ್ತಿಲ್ಲ ಎಂಬುದೂ ಬರೆಯುವವನಿಗೆ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಲಾಭ ಅದೇ.

ಇದನ್ನೆಲ್ಲ ಯುವಜನರ ಹೆಗಲಿಗೇ ಹೊರಿಸಿ ನಾವು ಸುಮ್ಮನಿರುವಂತಿಲ್ಲ. ಮೇಲೆ ಹೇಳಿದ ಹುಡುಗಿ ತಾನು ಮಾಡಿದ ಕೆಲಸಕ್ಕೆ ಒಂದು ದೃಢೀಕರಣ ಪತ್ರ ಕೇಳಿದಾಗ, ನಿನಗೆ ಕೂಲಿ ಕೊಟ್ಟಿದ್ದೇವಲ್ಲ, ಪತ್ರ ಏಕೆ ಎಂಬ ಉತ್ತರ ಬಂತು. ಬಹಳ ದಿನ ಕೇಳಿಕೊಂಡ ಮೇಲೆ ನಾಲ್ಕು ಸಾಲಿನ ಪತ್ರ ಸಿಕ್ಕಿತು. ಅಧಿಕಾರಿಯ ಮಗ ಒಂದು ವಾರ ತೋಟ ನೋಡಿಹೋದರೆ ಲೆಟರ್‌ಹೆಡ್‌ನಲ್ಲಿ ಪ್ರಶಂಸಾಪತ್ರ ಸಿಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ವಿಚಾರ. ತೋಟದ ಮಾಲೀಕರು, ಹೋಂಸ್ಟೇ ನಡೆಸುವವರು, ಸಹಕಾರ ಸಂಘಗಳ ಕಾರ್ಯದರ್ಶಿಗಳು, ಆಸ್ಪತ್ರೆಗಳ ಆಡಳಿತದವರು ತಮ್ಮಲ್ಲಿ ತಾತ್ಕಾಲಿಕವಾಗಿ ದುಡಿದ ಯುವಕ ಯುವತಿಯರಿಗೆ, ಯಾವ ಅವಧಿಯಲ್ಲಿ ಯಾವ ಕೆಲಸ ಮಾಡಿದರು ಎಂದು ಕೇಳುವ ಮೊದಲೇ ಬರೆದು ಸಹಿ ಹಾಕಿ ಕೊಡುವ ಪದ್ಧತಿ ಇಟ್ಟುಕೊಳ್ಳಬೇಕು. ಕಾಲೇಜುಗಳು ಹೊರಗಿನಿಂದ ತರಬೇತುದಾರರನ್ನು ಕರೆಸಲು ಮಾಡುವ ಖರ್ಚಿನ ಒಂದು ಪಾಲನ್ನು ತೆಗೆದಿಟ್ಟು, ಪ್ರತಿ ವಿದ್ಯಾರ್ಥಿಯೂ ಅಂತಿಮ ವರ್ಷದಲ್ಲಿ ತಾನು ಕೈಯಾರೆ ಮಾಡಿದ ಒಂದು ಕೆಲಸದ ಬಗ್ಗೆ ಎರಡು ಪುಟ ಬರೆಯುವಂತೆ, ಅಧ್ಯಾಪಕರೊಬ್ಬರು ಅದನ್ನು ಪಕ್ಕದಲ್ಲಿ ಕೂತು ತಿದ್ದುವಂತೆ ಏರ್ಪಾಡು ಮಾಡಬೇಕು. ಲೈನ್‌ಮನೆ ಮತ್ತು ಹಾಡಿಗಳಿಂದ ಬಂದವರ ಪುಟಗಳನ್ನು ಮೊದಲು ತಿದ್ದಬೇಕು.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಕೃಷಿ, ಆರೋಗ್ಯ, ಕಾನೂನು, ತಂತ್ರಜ್ಞಾನ ಕ್ಷೇತ್ರಗಳಲ್ಲಿ ಹೊಸದಾಗಿ ಕಾಲಿಟ್ಟಿರುವ ಜಿಲ್ಲೆಯ ಯುವಜನರು ತಮ್ಮ ಕೆಲಸದ ಬಗ್ಗೆ ಬರೆದ ಮಾಹಿತಿಪೂರ್ಣ ಲೇಖನಗಳಿಗೆ ವಾರಕ್ಕೊಮ್ಮೆ ಅರ್ಧ ಪುಟ ಮೀಸಲಿಡಿ. ಲೇಖನದ ಜೊತೆ ಬರೆದವರ ಹೆಸರು, ಊರು ಅಥವಾ ತಾಲ್ಲೂಕು ಇವುಗಳಲ್ಲಿ ಅವರು ಒಪ್ಪಿದ್ದನ್ನು ಹಾಕಿ; ತಂದೆಯ ಹುದ್ದೆಯಾಗಲಿ, ಮನೆತನದ ಪರಿಚಯವಾಗಲಿ ಬೇಡ. ಭಾಷೆ ತಿದ್ದಿಕೊಡಲು ಜನ ಬೇಕಾದರೆ ನಾನೂ ನನ್ನಂಥ ಕೆಲವು ನಿವೃತ್ತರೂ ಸಂಭಾವನೆಯಿಲ್ಲದೆ ಆ ಕೆಲಸ ಮಾಡಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು
ಸೋಮವಾರಪೇಟೆ ತಾಲ್ಲೂಕು, ಕೊಡಗು